ಮೂರು ಗಾಲಿಯ ಉಡಿ

ಹಳಿಯಾಳದ ಹಿಟ್ಟಿನ ಗಿರಣಿಯ ಸಿದ್ದಲಿಂಗ ಓಟಗಾರನಾದದ್ದು ಒಂದು ಮಿರ್ಚಿಯ ದೆಸೆಯಿಂದ.

ಹೆಂಡತಿ ಸುಮಿತಾ ಬಾಣಂತನಕ್ಕೆಂದು ದಾಂಡೇಲಿಯ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಸಿದ್ದಲಿಂಗನ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಒಲೆ ಹಚ್ಚುವವರು ಯಾರೂ ಇರಲಿಲ್ಲ. ಅವನಿಗೆ ಬರುತ್ತಿದ್ದ ಅಡುಗೆ ಎಂದರೆ ನೀರು ಕಾಯಿಸುವುದು ಒಂದೇ, ಅದನ್ನೂ ಅವನು ಮರೆತು ಪಾತ್ರೆಯ ತಳ ಸುಡುತ್ತಿದ್ದ. ಹೀಗಾಗಿ ಬೆಳಗಾಯಿತೆಂದರೆ ಬಸ್ ಸ್ಟ್ಯಾಂಡಿನ ಹಿಂದಿನ ಹೋಟೆಲಿಗೆ ಹೋಗಿ, ಬಾಣಲೆಯ ಎದುರಿನ ಬೆಂಚಿನ ಮೇಲೆ ಕೂತುಬಿಡುತ್ತಿದ್ದ. ಕರಿದ ಪದಾರ್ಥ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದರು. ಮುಟ್ಟುವುದಿಲ್ಲವೆಂದು ಸಿದ್ದಲಿಂಗ ಹೆಂಡತಿಗೆ ಮಾತು ಕೊಟ್ಟಿದ್ದ. ಮಾತು ಕೊಟ್ಟದ್ದು ಫೋನಿನಲ್ಲಾದ್ದರಿಂದ ಅದು ಅಷ್ಟು ಗಟ್ಟಿಯಲ್ಲ ಎಂಬುದು ಅವನ ತಿಳಿವಳಿಕೆ.

ಅಂದು ಬಾಯಲ್ಲಿದ್ದ ಮಿರ್ಚಿ ಭಜಿಯ ಕಾಯಿ ಬ್ಯಾಡಗಿಯದಲ್ಲ, ಯಾವುದೋ ಬೇರೆ ಊರಿನ ಸೇಡಿನ ಮೆಣಸಿನಕಾಯಿ. ಕಣ್ಣಲ್ಲಿ ನೀರು ಸುರಿದು, ನಾಲಿಗೆ ಹೊರಗೆ ಬಂದು, ಅವನು ಹಾ ಹಾ ಎಂದು ಗಾಳಿ ಎಳೆದುಕೊಳ್ಳುತ್ತಿದ್ದಾಗಲೇ ಸುಮಿತಾಳ ಫೋನು ಬಂತು.

“ಯಾಕ್ರೀ ಹಿಂಗ ತೇಕಾಕತ್ತೀರಿ? ಏನಾತು?”

ಸಿದ್ದಲಿಂಗ ಎದುರಿನ ರಸ್ತೆಯನ್ನು ನೋಡಿದ. ಅಲ್ಲಿ ಪೊಲೀಸ್ ಕೆಲಸಕ್ಕೆ ಸೇರಬೇಕೆಂದಿದ್ದ ಇಬ್ಬರು ಹುಡುಗರು ಓಡುತ್ತಿದ್ದರು.

“ಓಡಾಕ ಬಂದೀನಿ,” ಎಂದ.

“ಓಡಾಕ? ನೀವು?”

“ದಿನಾ ಓಡ್ತೀನಿ. ಹೇಳಿದ್ದಿಲ್ಲ ಅಷ್ಟ.”

ಸುಮಿತಾಗೆ ಆದ ಸಂತೋಷ ದಾಂಡೇಲಿಯ ಓಣಿಗೆಲ್ಲ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಸಿದ್ದಲಿಂಗ ದಿನಾ ಓಡುವವನಾಗಿದ್ದ, ಸಂಜೆಯ ಹೊತ್ತಿಗೆ ಹಳಿಯಾಳದಿಂದ ಊರ ಹೊರಗಿನ ಕೆರೆಯವರೆಗೆ ಓಡುವವನಾಗಿದ್ದ, ಮರುದಿನ ಅವನು ಬಸ್ಸಿಗಿಂತ ಮುಂದೆ ಹೋಗುವವನಾಗಿದ್ದ. ಒಪ್ಪದೆ ಉಳಿದವಳು ಒಬ್ಬಳೇ, ಅತ್ತೆ ಮಹಾದೇವಕ್ಕ.

ಮಹಾದೇವಕ್ಕ ಕೆಟ್ಟವಳಲ್ಲ. ಮೊಮ್ಮಗಳು ಗಂಗಾಂಬಿಕೆಯನ್ನು ಬಿಟ್ಟಿರಲಾರಳು, ಅಷ್ಟೇ. ಮೂರನೇ ತಿಂಗಳಲ್ಲಿ ಕಳಿಸುವ ಮಾತು ಬಂದಾಗ ಕೂಸಿಗೆ ನೆಗಡಿ ಎಂದಳು. ಐದನೆಯದರಲ್ಲಿ ತನಗೇ ನೆಗಡಿ ಎಂದಳು. ಈಗ ಏಳನೆಯದು. ಸುಮಿತಾಳ ರಜೆ ಮುಗಿದು, ಹಳಿಯಾಳದ ಆಫೀಸಿನಿಂದ ಕರೆಯ ಮೇಲೆ ಕರೆ ಬರುತ್ತಿತ್ತು. ಸರಿಸಂಖ್ಯೆಯ ತಿಂಗಳಲ್ಲಿ ಕೂಸನ್ನು ಅಪ್ಪನ ಮನೆಗೆ ಕಳಿಸುವ ಪದ್ಧತಿ ಇಲ್ಲವಾದ್ದರಿಂದ ಎಂಟನೆಯದು ಆಗದು. ಒಂಬತ್ತನೆಯದು ಆಷಾಢದಲ್ಲಿ ಬರುತ್ತದೆ, ಅದಂತೂ ಆಗುವುದೇ ಇಲ್ಲ. ಏಳು ತಪ್ಪಿತೆಂದರೆ ಕೂಸು ತಾನೇ ನಡೆದುಕೊಂಡು ಹಳಿಯಾಳಕ್ಕೆ ಬರಬೇಕಾಗುತ್ತದೆ ಎಂದು ಸಿದ್ದಲಿಂಗನಿಗೆ ಅನ್ನಿಸಿತು.

ಅವನು ದಾಂಡೇಲಿಗೆ ಹೋಗಿ ಅತ್ತೆಯ ಎದುರು ಕೂತ.

“ನಿಮ್ಮನ್ಯಾಗ ಹೆಣಮಕ್ಕಳು ಇಲ್ಲ,” ಎಂದಳು ಮಹಾದೇವಕ್ಕ. “ಸುಮಿ ಆಫೀಸಿಗೆ ಹೋದ್ರ ಕೂಸಿನ ಯಾರ ಹಿಡೀತಾರ? ಗಿರಣ್ಯಾಗ ಪಟ್ಟಾ ಹಾಕಿ ತೂಗ್ತೀರೇನ?”

“ನಾನ ಹಿಡೀತೀನ್ರೀ ಅತ್ತ್ಯಾರ.”

“ನೀವು ಹಿಡಿದ್ರ ಕೂಸು ಅಳ್ತೈತಿ. ಮೊನ್ನಿ ಬಂದಾಗ ಜ್ವಾಳದ ಚೀಲ ಹೊತ್ತಂಗ ಹೆಗಲಮ್ಯಾಲ ಹಾಕ್ಕೊಂಡಿದ್ರಿ.”

ಮೂಲೆಯಲ್ಲಿ ಚುರಮುರಿ ತಿನ್ನುತ್ತಿದ್ದ ಮಾವ ದ್ಯಾಮಪ್ಪ ತಲೆಯಾಡಿಸಿದ. ದ್ಯಾಮಪ್ಪ ಮಾತು ಕಡಿಮೆಯ ಮನುಷ್ಯ. ಬಾಯಲ್ಲಿ ಯಾವಾಗಲೂ ಏನಾದರೊಂದು ಇರುತ್ತಿದ್ದುದರಿಂದ ಮಾತಿಗೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ.

ಬಾಗಿಲಾಚೆಯ ಗೋಡೆಯ ಮೇಲೆ ಯಾರೋ ಅಂಟಿಸಿಹೋಗಿದ್ದ ಕಾಗದ ಸಿದ್ದಲಿಂಗನ ಕಣ್ಣಿಗೆ ಬಿದ್ದದ್ದು ಆಗಲೇ. ಊರಿನ ಗೆಳೆಯರ ಬಳಗದವರು ಬರುವ ರವಿವಾರ ಕಾಳಿ ದಂಡೆಯ ಓಟ ಇಟ್ಟಿದ್ದರು. ದಾಂಡೇಲಿಯ ಮೈದಾನದಿಂದ ಹೊರಟು, ಕೋಗಿಲಬನ ಮುಟ್ಟಿ ತಿರುಗಿ ಬರುವುದು. ಫೋನಿನಲ್ಲಿ ಅವನು ಒಮ್ಮೆ ನೋಡಿದ್ದ. ಯಾವುದೋ ದೇಶದ ಬಿಳಿಯ ಮನುಷ್ಯನೊಬ್ಬ ಕೂಸನ್ನು ಮೂರು ಗಾಲಿಯ ಗಾಡಿಯಲ್ಲಿ ಕೂಡಿಸಿ ನೂಕುತ್ತ ಓಡುತ್ತಿದ್ದ. ಕೂಸು ಮಹಾರಾಜನಂತೆ ಒರಗಿತ್ತು.

“ಈ ಓಟದಾಗ ಕೂಸಿನ ಗಾಡ್ಯಾಗ ಕುಂಡ್ರಿಸಿಕೊಂಡ ಓಡಿ ತೋರಿಸ್ತೀನಿ,” ಎಂದುಬಿಟ್ಟ. ಹೇಳಿದ ಮೇಲೆ ಅವನಿಗೇ ತನ್ನ ಧ್ವನಿ ಗುರುತು ಹತ್ತಲಿಲ್ಲ.

ಮಹಾದೇವಕ್ಕ ಮಗಳ ಮುಖ ನೋಡಿದಳು. ಸುಮಿತಾಳ ಮುಖದಲ್ಲಿ ಹೆಮ್ಮೆ ತುಂಬಿ ತುಳುಕುತ್ತಿತ್ತು.

“ಆತು. ಹೋಗಿ ತಿರುಗಿ ಬರೂತನಕ ಕೂಸು ಅಳಬಾರ್ದು. ಅಳಲಿಲ್ಲ ಅಂದ್ರ ಅವತ್ತ ತಾಯೀ ಮಗಳನ್ನ ಕಳಸ್ತೀನಿ. ಅತ್ತಿತೋ, ಆಷಾಢ ಕಳದ ಹನ್ನೊಂದನೇ ತಿಂಗಳಕ್ಕ ಬರ್ರಿ, ನೋಡೂಣು.”

ಗಾಡಿ ಎಲ್ಲಿಂದ ತರುವುದು? ಸಿದ್ದಲಿಂಗ ಗೋವಿನಜೋಳಕ್ಕೆಂದು ಮುಂಡಗೋಡಕ್ಕೆ ಹೋಗುವವ. ಟಿಬೆಟನ್ ಕಾಲೊನಿಯ ದಾರಿಯಲ್ಲಿ ಹಳೇ ಸಾಮಾನು ಮಾರುವ ರುದ್ರೇಶ ಅವನ ಪರಿಚಯದವ. ರುದ್ರೇಶನ ಅಂಗಡಿಯಲ್ಲಿ ಸಿಗದ ವಸ್ತುವಿರಲಿಲ್ಲ, ಸಿಕ್ಕ ವಸ್ತು ಏನೆಂದು ಅವನಿಗೆ ಗೊತ್ತಿರುತ್ತಿರಲಿಲ್ಲ ಅಷ್ಟೇ.

“ಮಠ ನೋಡಾಕ ಬಂದ ಫಾರಿನ್ನವರು ಬಿಟ್ಟುಹೋದದ್ದು,” ಎಂದು ಅವನು ತಗಡಿನ ಹಿಂದಿನಿಂದ ಎಳೆದು ತಂದದ್ದು ಅದೇ ಗಾಡಿ. ಸೈಕಲ್ಲಿನಂಥ ಮೂರು ಗಾಲಿ, ಮುಂದೊಂದು ಹಿಂದೆರಡು. ಕೈಯಲ್ಲಿ ಬ್ರೇಕು, ನಡುವೆ ಜೋಲಿಯಂಥ ಸೀಟು, ಕೂಸಿಗೆ ಕಟ್ಟುವ ಪಟ್ಟಿ. “ನಾ ಇದರಾಗ ಇಷ್ಟು ದಿನಾ ಉಳ್ಳಾಗಡ್ಡಿ ಇಟ್ಟಿದ್ದೆ. ನೋಡ್ರಿ, ಹಿಂದ ನೀವು ಓಡೂದು, ಮುಂದ ಕೂಸು.”

“ಹಂಗಾರ ಗೆಲ್ಲೂದು ಯಾವಾಗಲೂ ಕೂಸ ಆತಲ್ಲ.”

“ಅದನ್ನ ನೀವು ಮನ್ಯಾಗ ಬಗಿಹರಿಸಿಕೊಳ್ರಿ,” ಎಂದ ರುದ್ರೇಶ.

ಹಳಿಯಾಳದಲ್ಲಿ ಗಾಡಿ ಇಳಿದಾಗ ಓಣಿ ಸೇರಿತು. ಇದು ಹೊಸ ನಮೂನೆಯ ಕೂರಿಗೆ ಎಂದು ಕೆಲವರು, ಔಷಧ ಹೊಡೆಯುವ ಮಶಿನ್ನು ಎಂದು ಕೆಲವರು ಹೇಳಿದರು. ಸಿದ್ದಲಿಂಗ ಯಾರಿಗೂ ಉತ್ತರ ಕೊಡಲಿಲ್ಲ. ಕೂಸಿನ ತೂಕದಷ್ಟು ಹಿಟ್ಟನ್ನು ಚೀಲಕ್ಕೆ ತುಂಬಿ, ಸೀಟಿನಲ್ಲಿ ಕೂಡಿಸಿ, ಪಟ್ಟಿ ಕಟ್ಟಿ, ಮರುದಿನ ಬೆಳಗ್ಗೆ ಅಭ್ಯಾಸಕ್ಕೆ ಹೊರಟ.

ಮೊದಲ ತಿರುವಿನಲ್ಲೇ ಸುಶೀಲವ್ವ ನಿಂತಿದ್ದಳು. ಗಿರಣಿಗೆ ಡಬ್ಬಿ ಹೊತ್ತು ಬರುವ ಹಿರಿಯರಲ್ಲಿ ಅವಳು ಮೊದಲನೆಯವಳು.

“ಬಾಳ ಚಲೋ ಮಾಡಿದಿ ಬಿಡಪಾ,” ಎಂದಳು. “ಮನಿಮನಿಗೆ ಹಿಟ್ಟು ಮುಟ್ಟಸಾಕತ್ತಿ. ನನ್ನ ಮೊಣಕಾಲ ನೋವು ನಿನಗರ ತಿಳೀತಲ್ಲ.”

“ಹಂಗಲ್ಲಬೇ ಆಯಿ, ಇದು ಕೂಸು—”

“ಯಾವ ಕೂಸು? ಇದು ಹಿಟ್ಟಿನ ಚೀಲ ಐತಲ್ಲ. ಕಣ್ಣು ಕಾಣ್ತಾವ ನನಗ.”

ಹಿರಿಯ ಹೆಣ್ಣುಮಕ್ಕಳಿಗೆ ಇಲ್ಲ ಎನ್ನುವ ವಿದ್ಯೆ ಸಿದ್ದಲಿಂಗನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. ಚೀಲ ಸುಶೀಲವ್ವನ ಮನೆ ಸೇರಿತು. ಬದಲಿಗೆ ಅವಳ ಜೋಳದ ಡಬ್ಬಿ ಸೀಟಿಗೆ ಬಂತು. ವಾರ ಮುಗಿಯುವುದರೊಳಗೆ ಓಣಿಯ ಕಟ್ಟೆಕಟ್ಟೆಯ ಮೇಲೂ ಡಬ್ಬಿಗಳು ಬೆಳಗಿನಿಂದಲೇ ಅವನಿಗಾಗಿ ಕಾಯತೊಡಗಿದವು. ಅಭ್ಯಾಸವೇನೋ ಆಯಿತು. ಆದರೆ ಅದು ಓಡುವ ಅಭ್ಯಾಸವಲ್ಲ, ನಿಂತು ನಿಂತು ಭಾರ ಹೇರಿಸಿಕೊಳ್ಳುವ ಅಭ್ಯಾಸ. ಮುಂದೆ ಇದೇ ಉಪಯೋಗಕ್ಕೆ ಬರುವುದಿತ್ತೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ರವಿವಾರ ಬೆಳಗ್ಗೆ ದಾಂಡೇಲಿಯ ಮೈದಾನದಲ್ಲಿ ಮೈಕು ಹಿಡಿದವನು ಅಡಿವೆಯ್ಯ. ಲಗ್ನವಿರಲಿ, ಎಮ್ಮೆ ಕಳೆದಿರಲಿ, ನೀರು ಬಿಡುವ ಹೊತ್ತು ಬದಲಾಗಿರಲಿ, ಊರಿಗೆ ಸುದ್ದಿ ಮುಟ್ಟಿಸುವವನು ಅವನೇ. ಮೈಕಿನ ಹೊರಗೆ ಎಲ್ಲರಂತೆ ಮಾತಾಡುತ್ತಿದ್ದ ಅಡಿವೆಯ್ಯ ಮೈಕು ಬಾಯಿಗೆ ಬಂದೊಡನೆ ಪುಸ್ತಕದಂತಾಗುತ್ತಿದ್ದ. ಗಾಡಿ ನೋಡಿ ಅವನಿಗೆ ಪೇಚಿಗಿಟ್ಟುಕೊಂಡಿತು.

“ಗಾಡಿ ಓಡಬಾರ್ದು ಅಂತ ನಿಯಮದಾಗ ಇಲ್ಲ,” ಎಂದ. “ಓಡಬೇಕು ಅಂತನೂ ಇಲ್ಲ. ಮುಂದಿನ ಗಾಲಿ ಮೊದಲ ಬರೂದರಿಂದ, ನಂಬರ ಕೂಸಿಗೇ ಹಚ್ಚಬೇಕಾಗ್ತೈತಿ. ನಿಮಗೂ ಒಂದು ಇರಲಿ.”

ಹೀಗೆ ಏಳು ತಿಂಗಳ ಗಂಗಾಂಬಿಕೆ ಎದೆಯ ಮೇಲೆ ನಂಬರ್ ಹಚ್ಚಿಕೊಂಡು ಸ್ಪರ್ಧಿಯಾದಳು. ಮಹಾದೇವಕ್ಕ ಹೂವಿನ ಅಂಚಿನ ಕೆಂಪು ಕುಂಚಿಗೆಯನ್ನು ಕೂಸಿನ ತಲೆಗೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಳು. ಸುಮಿತಾ ಗಂಡನ ಹತ್ತಿರ ಬಗ್ಗಿ ಮೆಲ್ಲಗೆ, “ನನ್ನ ಗಂಟು ಕಟ್ಟಿಟ್ಟೀನ್ರೀ. ಮಂಚದ ಕೆಳಗ ಐತಿ. ಮುಖಾ ಉಳಸ್ರಿ,” ಎಂದಳು. ಇದನ್ನು ಕೇಳಿದ ಮೇಲೆ ಸಿದ್ದಲಿಂಗ ಕೂಸಿನ ಪಟ್ಟಿಯನ್ನು ಇನ್ನೊಮ್ಮೆ ಬಿಗಿದ.

ಮಹಾದೇವಕ್ಕ ಗಂಡನಿಗೆ ಟಿವಿಎಸ್ ಗಾಡಿಯ ಕೀಲಿ ಕೊಟ್ಟಳು. “ನೀವು ಹಿಂದಿಂದ ಹೋಗ್ರಿ. ಕೂಸು ಅತ್ತ ಕೂಡ್ಲೇ ಫೋನ್ ಮಾಡ್ರಿ.”

ದ್ಯಾಮಪ್ಪ ತಲೆಯಾಡಿಸಿದ. ಅಳಿಯನ ಹಿಂದೆ ಹೋಗುವುದೆಂದರೆ ಎತ್ತಿನ ಹಿಂದೆ ಹೋದಂತೆ ಎಂಬುದು ಅವನಿಗೆ ಮೈದಾನ ದಾಟುವ ಮೊದಲೇ ಅರಿವಾಯಿತು. ಬಂಡಿಯ ಹಿಂದೆ ಸುಮ್ಮನೆ ಹೊಗೆ ಬಿಡುತ್ತ ಹೋಗುವ ಬದಲು, ಮುಂದೆ ಹೋಗಿ ಕೋಗಿಲಬನದಲ್ಲಿ ತನ್ನ ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು ನೋಡಿದರೂ ನೋಡಿದಂತೆಯೇ ಎಂದು ಯೋಚಿಸಿದ. ಅಲ್ಲಿ ಬೆಳಗ್ಗೆ ಅವಲಕ್ಕಿ ಮಾಡಿರುತ್ತಾರೆ ಎಂಬುದಕ್ಕೂ ಈ ಯೋಚನೆಗೂ ಸಂಬಂಧವಿರಲಿಲ್ಲ.

ಕೋಗಿಲಬನದಲ್ಲಿದ್ದವಳು ಹೊಳೆವ್ವ, ಮಹಾದೇವಕ್ಕನ ತಾಯಿ. ಬೆನ್ನು ಬಾಗಿದ್ದರೂ ಮಾತು ನೆಟ್ಟಗಿದ್ದ ಮುದುಕಿ. ಓಟದ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ.

“ಏನ ಅಳಿಯಂದ್ರ, ಹೊತ್ತ ಮೂಡೂದ್ರಾಗ ಬಂದ್ರಿ?”

ದ್ಯಾಮಪ್ಪನ ಕೈಗೆ ಅವಲಕ್ಕಿಯ ತಾಟು ಬಂದಿತ್ತು. “ಸಿದ್ದಲಿಂಗ ಬರಾಕತ್ತಾನ,” ಎಂದ. “ಕೂಸು ಗಾಡ್ಯಾಗ ಐತಿ. ಹಿಂದ ಮುಂದ ಮಂದಿ ಬಾಳ ಐತಿ.” ಮುಂದಿನದನ್ನು ಹೇಳುವ ಮೊದಲು ಒಂದು ತುತ್ತು ಬಾಯಿಗೆ ಹೋಯಿತು. ಆಮೇಲೆ ಇನ್ನೊಂದು.

ಹೊಳೆವ್ವನಿಗೆ ಅಷ್ಟು ಸಾಕಾಯಿತು. ಮೊಮ್ಮಗಳ ಗಂಡ ಕೂಸನ್ನು ಗಾಡಿಯಲ್ಲಿ ಕೂಡಿಸಿಕೊಂಡು, ಮಂದಿ ಕಟ್ಟಿಕೊಂಡು, ಏಳನೇ ತಿಂಗಳಲ್ಲಿ ಬರುತ್ತಿದ್ದಾನೆಂದರೆ ಅದಕ್ಕೆ ಅರ್ಥ ಒಂದೇ. ಕೂಸು ಅಪ್ಪನ ಮನೆಗೆ ಹೊರಟಿದೆ. ಹೋಗುವ ಮೊದಲು ಮುತ್ತಜ್ಜಿಯ ಕಾಲಿಗೆ ಬೀಳಿಸಲು ತರುತ್ತಿದ್ದಾನೆ. ಮಗಳು ಒಂದು ಮಾತು ಹೇಳಿ ಕಳಿಸಲಿಲ್ಲವಲ್ಲ ಎಂಬ ಸಿಟ್ಟು ಬಂತಾದರೂ, ಕೊನೆಗೂ ಕಳಿಸಿದಳಲ್ಲ ಎಂಬ ಸಮಾಧಾನ ಅದನ್ನು ನುಂಗಿತು.

“ಎಲ್ಲಾರೂ ಹೊರಗ ಬರ್ರೇ,” ಎಂದು ಓಣಿಗೆ ಕೂಗು ಹಾಕಿದಳು. “ಕೂಸಿನ ಕರಿಯಾಕ ಹಳಿಯಾಳದ ಬೀಗರು ಬಂದಾರ. ಚಾಪಿ ಹಾಸ್ರಿ. ದೊಡ್ಡ ಪಾತೇಲಿ ಇಡ್ರಿ.”

ಅಷ್ಟರಲ್ಲಿ ಮುಂದಿನ ಓಟಗಾರರು ಬಂದರು. ಎಲ್ಲರ ಮೈಮೇಲೂ ಗೆಳೆಯರ ಬಳಗ ಕೊಟ್ಟ ಹಳದಿ ಬನಿಯನ್ನು.

“ಒಂದ ಥಾನದಾಗ ಎಲ್ಲಾರಿಗೂ ಅಂಗಿ ಹೊಲಿಸ್ಯಾರ ನೋಡ,” ಎಂದು ಹೊಳೆವ್ವ ಸೊಸೆಯಂದಿರಿಗೆ ತೋರಿಸಿದಳು. “ಹಳಿಯಾಳದವರು ಇಷ್ಟು ಜೋರದಾರ ಅಂತ ಗೊತ್ತಿದ್ದಿಲ್ಲ. ಆದ್ರ ಯಾಕ ಇಷ್ಟ ಅವಸರ ಮಾಡ್ತಾರ?”

ಎಲ್ಲರಿಗಿಂತ ಮುಂದಿದ್ದವರು ರಾಮನಗರದ ಇಬ್ಬರು ಸಣಕಲು ಹುಡುಗರು. ನಿಲ್ಲುವ ಮನಸ್ಸು ಅವರಿಗಿರಲಿಲ್ಲ. ಹೊಳೆವ್ವ ಇಬ್ಬರ ಮೊಣಕೈಯನ್ನೂ ಹಿಡಿದಳು.

“ಉಪಾಸ ಹೋಗ್ತೀರಿ? ನಮ್ಮ ಮರ್ಯಾದಿ ಏನಾಗಬೇಕು? ಕುಂಡ್ರಿ.”

ಇದು ಬಳಗದವರು ಮಾಡಿಸಿದ ಉಪಾಹಾರದ ವ್ಯವಸ್ಥೆ ಎಂದು ಅವರು ತಿಳಿದರು. ಒಗ್ಗರಣೆಯ ವಾಸನೆ ಬಂದ ಮೇಲೆ ಹೆಚ್ಚು ತಿಳಿಯುವ ಪ್ರಯತ್ನವನ್ನೂ ಮಾಡಲಿಲ್ಲ. ಮೊದಲಿನವರು ಕೂತರೆಂದು ಹಿಂದಿನವರು ಕೂತರು, ಅವರು ಕೂತರೆಂದು ಇನ್ನೂ ಹಿಂದಿನವರು. ಕೋಗಿಲಬನದ ಆ ಓಣಿಯಲ್ಲಿ ಹಳದಿ ಬನಿಯನ್ನಿನ ಎರಡು ಪಂಕ್ತಿ ಬಿದ್ದವು. ಒಬ್ಬ ಎರಡನೇ ಸಲ ಅವಲಕ್ಕಿ ಕೇಳಿ, ಈ ವರ್ಷ ವ್ಯವಸ್ಥೆ ಬಹಳ ಸುಧಾರಿಸಿದೆ ಎಂದ.

ಎಲ್ಲರಿಗಿಂತ ಹಿಂದೆ ಸಿದ್ದಲಿಂಗ ಬಂದ. ಮುಖ ಬೆಂದ ಗೆಣಸಿನಂತಾಗಿತ್ತು. ಆದರೆ ಗಂಗಾಂಬಿಕೆ ಅತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳು ಮುಂದಿನ ಗಾಲಿ ತಿರುಗುವುದನ್ನು ನೋಡುತ್ತ, ಜೊಲ್ಲು ಸುರಿಸುತ್ತ, ತನಗಾಗಿಯೇ ಯಾರೋ ಈ ಲೋಕವನ್ನು ಸರಿಸುತ್ತಿದ್ದಾರೆಂಬ ತೃಪ್ತಿಯಿಂದ ಒರಗಿದ್ದಳು. ಇನ್ನು ತಿರುಗಿ ಹೋದರೆ ಮುಗಿಯಿತು.

ಓಣಿಯ ಹೆಂಗಸರೆಲ್ಲ ಗಾಡಿಯ ಸುತ್ತ ಮುಕುರಿದರು.

“ನಿಂದ್ರೂ ಹಂಗಿಲ್ರೀ,” ಎಂದ ಸಿದ್ದಲಿಂಗ. “ಕೂಸು ಅತ್ರ ನನ್ನ ಸಂಸಾರ ಹನ್ನೊಂದನೇ ತಿಂಗಳಕ್ಕ ಹೋಗ್ತೈತಿ.”

ಇದು ಯಾರಿಗೂ ತಿಳಿಯಲಿಲ್ಲ. ತಂದೆಯಾದವನು ಮಗಳನ್ನು ಮೊದಲ ಸಲ ಕರೆದೊಯ್ಯುವಾಗ ತಲೆ ಸ್ವಲ್ಪ ಕೆಡುವುದು ಸಹಜ ಎಂದುಕೊಂಡರು. ಒಬ್ಬಳು ಅವನ ಹೆಗಲಿಗೆ ಟವೆಲ್ಲು ಹೊದಿಸಿದಳು. ಒಬ್ಬಳು ಬಾಯಿಗೆ ಸಕ್ಕರೆ ಹಾಕಿದಳು, ಅವನು ಕೆಮ್ಮತೊಡಗಿದ. ಮತ್ತೊಬ್ಬಳು ಹಣೆ, ತೋಳು, ಎದೆಯ ನಂಬರು ಎಲ್ಲದಕ್ಕೂ ವಿಭೂತಿ ಬಳಿದಳು. ಅದು ಕಣ್ಣಿಗೂ ಹೋಯಿತು.

ಅವನು ಕಣ್ಣುಜ್ಜುತ್ತ ಕೆಮ್ಮುತ್ತಿದ್ದ ಆ ಹೊತ್ತಿನಲ್ಲಿ ಹೊಳೆವ್ವ ಪಟ್ಟಿ ಬಿಚ್ಚಿ, ಕೂಸನ್ನೆತ್ತಿಕೊಂಡಳು. ಕೆಂಪು ಕುಂಚಿಗೆ ಬೆವರಿಗೆ ಒದ್ದೆಯಾಗಿತ್ತು. ಅದನ್ನು ತೆಗೆದು ಗಾಡಿಯ ಮೇಲಿಟ್ಟು, ತಾನೇ ಹೊಲಿದಿಟ್ಟ ಹಸಿರು ಕುಂಚಿಗೆ ತೊಡಿಸಿ, ದೇವರ ಜಗಲಿಯ ಮುಂದೆ ಹಣೆ ಮುಟ್ಟಿಸಲು ಒಳಗೆ ಹೋದಳು. ಇತ್ತ ಖಾಲಿಯಾದ ಗಾಡಿಗೆ ಓಣಿಯವರು ಉಡಿ ತುಂಬತೊಡಗಿದರು. ಖಣ ಹಾಸಿ ಅಕ್ಕಿ ಸುರಿದರು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಬೆಲ್ಲದ ಉಂಡೆ ಬಂದವು. ತೆಂಗಿನಕಾಯಿಗಳಂತೂ ಮನೆಗೊಂದು. ಎಲ್ಲಕ್ಕಿಂತ ದೊಡ್ಡದೊಂದು ಕಾಯಿ ಉರುಳಿ ಬೀಳುವಂತಿದ್ದುದರಿಂದ ಹೊಳೆವ್ವನ ಸೊಸೆ ಅದನ್ನು ನಡುವೆ ಕೂಡಿಸಿ, ಪಟ್ಟಿ ಬಿಗಿದು, ಧೂಳು ಕೂಡಬಾರದೆಂದು ಕೆಂಪು ಕುಂಚಿಗೆಯನ್ನು ಮೇಲೆ ಹೊದಿಸಿ, ಅಚ್ಚುಕಟ್ಟಾಗಿ ದಾರ ಕಟ್ಟಿದಳು.

ಸಿದ್ದಲಿಂಗನಿಗೆ ಕಣ್ಣು ಬಿಡಲು ಬಂದಾಗ ಅವನಿಗೆ ಕಂಡದ್ದು ಇಷ್ಟು: ಕುಂಚಿಗೆ ತನ್ನ ಜಾಗದಲ್ಲಿದೆ, ಪಟ್ಟಿ ಬಿಗಿಯಾಗಿದೆ, ಕೂಸು ಸದ್ದಿಲ್ಲದೆ ಮಲಗಿದೆ. ಸುತ್ತ ತೆಂಗಿನಕಾಯಿ. ಇನ್ನೊಂದು ಗಳಿಗೆ ನಿಂತರೆ ಇನ್ನಷ್ಟು ತೆಂಗಿನಕಾಯಿ. ಅವನು ಗಾಡಿ ತಿರುಗಿಸಿ ಓಡಿದ.

“ಏ ತಮ್ಮಾ, ನಿಂದರೋ,” ಎಂದು ಹಿಂದಿನಿಂದ ಹೊಳೆವ್ವ ಕೂಗಿದಳು.

“ಸಾಕಬೇ ಆಯಿ, ಮತ್ತ ಜಾಗಾ ಇಲ್ಲ,” ಎಂದು ಅವನು ಇನ್ನೂ ಜೋರಾಗಿ ಓಡಿದ.

ದಾರಿಯಲ್ಲಿ ಅವನಿಗೆ ಎರಡು ಆಶ್ಚರ್ಯಗಳಾದವು. ಮುಂದೆ ಒಬ್ಬ ಓಟಗಾರನೂ ಕಾಣುತ್ತಿರಲಿಲ್ಲ. ಎಲ್ಲರೂ ಆಗಲೇ ಮುಟ್ಟಿ ಮನೆ ಸೇರಿದ್ದಾರೆ ಎಂದುಕೊಂಡ. ಎರಡನೆಯದು, ಕೂಸಿನ ಗಂಭೀರತೆ. ಕಲ್ಲಿನ ಮೇಲೆ ಗಾಲಿ ಹಾರಿದರೂ ತುಟಿಪಿಟಕ್ಕೆನ್ನಲಿಲ್ಲ. “ಯವ್ವಾ ನನ್ನ ಬಂಗಾರಾ,” ಎಂದು ಅವನು ಕೆಂಪು ಕುಂಚಿಗೆಗೆ ಹೇಳಿದ, “ಹಿಂಗ ಇರು. ನಿಮ್ಮಜ್ಜಿ ಕಣ್ಣ ತಗೀಲಿ. ಹಳಿಯಾಳದಾಗ ನಿನಗ ಏನ ಬೇಕು ಕೇಳು.” ಕುಂಚಿಗೆ ಏನನ್ನೂ ಕೇಳಲಿಲ್ಲ.

ಸೇತುವೆ ದಾಟಿ ಮೈದಾನ ಕಂಡಾಗ ಅಡಿವೆಯ್ಯನ ಮೈಕು ಗುಡುಗಿತು.

“ನಾಗರಿಕರೇ, ನಂಬಲಸಾಧ್ಯವಾದ ದೃಶ್ಯ. ಎಲ್ಲ ಸ್ಪರ್ಧಿಗಳನ್ನೂ ಕಣ್ಣಿಗೆ ಕಾಣದಷ್ಟು ಹಿಂದೆ ಬಿಟ್ಟು ಹಳಿಯಾಳದ ಶ್ರೀ ಸಿದ್ದಲಿಂಗ ಅವರು ಒಬ್ಬರೇ ಆಗಮಿಸುತ್ತಿದ್ದಾರೆ. ತಿದ್ದುಪಡಿ. ಮುಂದಿನ ಗಾಲಿ ಮೊದಲು ದಾಟಿದ್ದರಿಂದ, ಪ್ರಥಮ ಸ್ಥಾನ ಕುಮಾರಿ ಗಂಗಾಂಬಿಕೆಯವರಿಗೆ.”

ಚಪ್ಪಾಳೆ ಬಿತ್ತು. ಪ್ರಥಮ ಬಹುಮಾನದ ಕುಕ್ಕರನ್ನು ಯಾರೋ ಹೊತ್ತು ತಂದರು. ಸುಮಿತಾ ಕುಣಿಯುವುದೊಂದು ಬಾಕಿ. ಮಹಾದೇವಕ್ಕನ ಮುಖ ಸಣ್ಣದಾಗಿತ್ತು.

“ಅತ್ತಿಲ್ರೀ ಅತ್ತ್ಯಾರ,” ಎಂದ ಸಿದ್ದಲಿಂಗ ಏದುಸಿರಿನಲ್ಲಿ. “ಒಂದ ಸಲ ಸೈತ ಇಲ್ಲ. ಎಷ್ಟು ಶಾಂತ ಅಂದ್ರ, ಉಸುರೂ ಕೇಳಸಾಕತ್ತಿಲ್ಲ.”

“ವಿಜೇತರನ್ನು ಎತ್ತಿ ಸಭೆಗೆ ತೋರಿಸಬೇಕಾಗಿ ವಿನಂತಿ,” ಎಂದಿತು ಮೈಕು.

ಮಹಾದೇವಕ್ಕ ಬಗ್ಗಿ ಕುಂಚಿಗೆಯ ದಾರ ಬಿಚ್ಚಿದಳು. ಮೂರು ಕಣ್ಣಿನ ದೊಡ್ಡ ತೆಂಗಿನಕಾಯಿಯೊಂದು ಅವಳನ್ನು ನೋಡಿತು.

ಅಡಿವೆಯ್ಯ ಮೈಕನ್ನು ಬಾಯಿಂದ ದೂರ ಹಿಡಿದು, “ಇದಕ್ಕ ನಿಯಮದಾಗ ಏನ ಐತಿ ನೋಡ್ರೋ,” ಎಂದದ್ದು ಎಲ್ಲರಿಗೂ ಕೇಳಿಸಿತು.

ಸಿದ್ದಲಿಂಗ ಕಾಯಿ ನೋಡಿದ, ಹೆಂಡತಿಯನ್ನು ನೋಡಿದ. ಅವನ ಮುಖದ ಬಣ್ಣ ವಿಭೂತಿಯದೇ ಆಯಿತು. ತಿರುಗಿದವನು ಬಂದ ದಾರಿಯಲ್ಲೇ ಓಡತೊಡಗಿದ. ಒಂದು ಕಾಲಿನ ಬೂಟು ಅಲ್ಲೇ ಕಳಚಿ ಬಿತ್ತು. ಹುಟ್ಟಿದಾಗಿನಿಂದ ಅವನು ನಿಜವಾಗಿ ಓಡಿದ್ದು ಅದೇ ಮೊದಲು.

“ವಿಜೇತರು ಸಂತೋಷ ತಾಳಲಾರದೆ ಎರಡನೇ ಸುತ್ತಿಗೆ ಹೊರಟಿದ್ದಾರೆ,” ಎಂದು ಅಡಿವೆಯ್ಯ ರೂಢಿಯಂತೆ ಹೇಳಿಬಿಟ್ಟ.

ಸೇತುವೆಯ ಮೇಲೆ ಟಿವಿಎಸ್ ಎದುರಾಯಿತು. ಮುಂದೆ ತಾಟು ಮುಗಿಸಿಯೇ ಹೊರಟಿದ್ದ ದ್ಯಾಮಪ್ಪ, ಹಿಂದೆ ಅಡ್ಡ ಕೂತ ಹೊಳೆವ್ವ, ಅವಳ ತೊಡೆಯ ಮೇಲೆ ಹಸಿರು ಕುಂಚಿಗೆಯಲ್ಲಿ ಕೋಗಿಲಬನದಿಂದ ಒಂದೇ ರಾಗದಲ್ಲಿ ಅರಚುತ್ತ ಬಂದಿದ್ದ ಗಂಗಾಂಬಿಕೆ. ಅವರ ಹಿಂದೆ ಹೊಟ್ಟೆ ತುಂಬಿದ ಹಳದಿ ಬನಿಯನ್ನುಗಳು ನಡೆದುಕೊಂಡು ಬರುತ್ತಿದ್ದವು. ಸಿದ್ದಲಿಂಗ ಕೈ ಚಾಚಿದ. ಮೈಯೆಲ್ಲ ವಿಭೂತಿ, ಹೆಗಲ ಮೇಲೆ ಟವೆಲ್ಲು, ಒಂದು ಕಾಲಲ್ಲಿ ಬೂಟು, ಕಣ್ಣಲ್ಲಿ ನೀರು. ಕೂಸು ಅವನನ್ನು ಮೇಲಿಂದ ಕೆಳಗೆ ನೋಡಿತು. ಅಳು ನಿಂತಿತು. ಇಂಥದ್ದನ್ನು ಅದು ಇದುವರೆಗೆ ನೋಡಿರಲಿಲ್ಲ. ಆಮೇಲೆ ಬೊಚ್ಚು ಬಾಯಿ ಬಿಟ್ಟು ನಕ್ಕು, ಅವನ ಮೂಗು ಹಿಡಿಯಿತು.

ಅವನು ಕೂಸನ್ನು ಎದೆಗವಚಿಕೊಂಡು ಬಂದಾಗ ಮಹಾದೇವಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಕೂಸಿನ ಬಿಟ್ಟು ಕಾಯಿ ತಂದ್ರಿ. ಇಂಥವರ ಕೈಯಾಗ ಹೆಂಗ ಕೊಡ್ಲಿ? ಹನ್ನೊಂದನೇ ತಿಂಗಳನೂ ಬ್ಯಾಡ. ಸಾಲಿಗೆ ಹೋಗೂ ಹೊತ್ತಿಗೆ ಬರ್ರಿ.”

ಸಿದ್ದಲಿಂಗ ತಲೆ ತಗ್ಗಿಸಿದ. “ಖರೆ ಐತ್ರಿ,” ಎಂದ. “ನನ್ನದ ತಪ್ಪು.”

ಆಗ ಟಿವಿಎಸ್ಸಿನಿಂದ ಹೊಳೆವ್ವ ಇಳಿದಳು.

“ಏನ ತಪ್ಪು? ಏನ ಹನ್ನೊಂದು?” ಎಂದಳು. ಯಾರೋ ಓಟದ ಸಂಗತಿಯನ್ನೂ ಷರತ್ತನ್ನೂ ವಿವರಿಸಿದರು. ಹೊಳೆವ್ವ ಪೂರ್ತಿ ಕೇಳಿದಳು. ಆಮೇಲೆ ಮಗಳತ್ತ ತಿರುಗಿದಳು.

“ಮಾದೇವಿ, ಕೂಸು ಅಪ್ಪನ ಮನಿಗೆ ಹೊಂಟೈತಿ ಅಂತ ನಾ ತಿಳಕೊಂಡೆ. ಓಣಿ ಕೂಡಿಸಿ ಉಡಿ ತುಂಬೀನಿ. ಜಗಲಿ ಮುಂದ ಹಣಿ ಹಚ್ಚಸೀನಿ. ಉಡಿ ತುಂಬಿದ ಹೆಣಮಗಳು ಮತ್ತ ತವರಿನ ಹೊಸ್ತಿಲಾ ತುಳಿಯೂದು ಎಲ್ಲರ ಐತೇನ? ಉಡಿ ಹಳಿಯಾಳದ ಹೊಸ್ತಿಲದಾಗ ಇಳೀಬೇಕು. ನೀ ಇಲ್ಲ ಅನ್ನೂದಿದ್ರ ಅನ್ನು. ಓಣಿಗೆ ನೀನ ಬಂದು ಹೇಳು, ನಿಮ್ಮ ಅಕ್ಕಿ ಕಾಯಿ ತಿರುಗಿ ತಗೋರಿ ಅಂತ.”

ಮಹಾದೇವಕ್ಕನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮದುವೆಯಾದಾಗಿನಿಂದ ದ್ಯಾಮಪ್ಪ ಇದನ್ನು ನೋಡಿರಲಿಲ್ಲ. ಅವನು ಅಗಿಯುವುದನ್ನು ನಿಲ್ಲಿಸಿದ.

“ಆದ್ರ ಅವರಿಗೆ ಕೂಸಿನ ಹಿಡಿಯಾಕ ಬರೂದಿಲ್ಲವಾ,” ಎಂದಳು ಕೊನೆಗೆ.

“ನಿನ್ನ ಕಳಿಸಿಕೊಡೂ ಮುಂದ ಈ ನಿನ್ನ ಗಂಡ ಮಹಾರಾಯಗ ಬರತಿತ್ತೇನ? ಸುಮಿನ್ನ ತಲಿ ಕೆಳಗ ಮಾಡಿ ಹಿಡಿದಿದ್ದ. ನಾ ನೋಡಿದರೂ ನೋಡಲಾರದಂಗ ಹೋಗಿ ಬಾ ಅಂದೆ.”

ದ್ಯಾಮಪ್ಪ ತಲೆಯಾಡಿಸಿ ಒಪ್ಪಿಕೊಂಡ. ಹ್ಯಾಗೂ ಅಗಿಯುವುದು ನಿಂತಿದೆಯೆಂದು, ಇನ್ನೊಂದು ಮಾತನ್ನೂ ಹೇಳಿದ.

“ಹೋಗುವಾಗ ಕೂಸು ಅತ್ತಿಲ್ಲ. ಬರುವಾಗ ನಮ್ಮ ಕಡೆ ಇದ್ದಾಗ ಅತ್ತೈತಿ. ಅವನ ಕೈಗೆ ಹೋದಮ್ಯಾಲ ನಿಂತೈತಿ.”

ಇಷ್ಟು ಉದ್ದದ ಮಾತು ಅವನಿಂದ ಬಂದದ್ದಕ್ಕೆ ಸಾಕ್ಷಿಯ ತೂಕ ಬಂತು. ಸುಮಿತಾ ತಾಯಿಯ ಸೆರಗು ಹಿಡಿದು, “ನೋಡವಾ,” ಎಂದಳು. ಮಹಾದೇವಕ್ಕ ನೋಡಿದಳು. ಗಂಗಾಂಬಿಕೆ ಅಪ್ಪನ ಟವೆಲ್ಲಿನ ಅಂಚನ್ನು ಬಾಯಿಗೆ ಹಾಕಿಕೊಂಡು ನಿದ್ದೆಹೋಗಿದ್ದಳು. ಹೆಗಲ ಮೇಲೆ, ಜೋಳದ ಚೀಲದ ಹಾಗೆಯೇ.

“ಮೊದಲ ಹದಿನೈದು ದಿನಾ ನಾ ಬರಾಕಿ,” ಎಂದಳು ಮಹಾದೇವಕ್ಕ. “ಕೂಸಿಗೆ ನೀರ ಎರಿಯೂದರ ಕಲಿಸಿ ಬರ್ತೀನಿ.” ಮುಖ ಅತ್ತ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಧೂಳು ಎಂದು ಕೇಳದವರಿಗೂ ಹೇಳಿದಳು.

ಉಳಿದದ್ದು ಬಹುಮಾನದ ತೀರ್ಪು. ಮೊದಲು ದಾಟಿದ್ದು ತೆಂಗಿನಕಾಯಿ, ಅದಕ್ಕೆ ನಂಬರಿಲ್ಲ. ನಂಬರಿದ್ದ ಕೂಸು ಆಗ ಗಾಡಿಯಲ್ಲಿರಲಿಲ್ಲ. ರಾಮನಗರದ ಹುಡುಗರಂತೂ ತಾವು ಇನ್ನು ಓಡಲಾರೆವೆಂದು ನೆರಳಿನಲ್ಲಿ ಮಲಗಿಬಿಟ್ಟಿದ್ದರು. ಅಡಿವೆಯ್ಯ ಬಹಳ ಯೋಚಿಸಿ, ಎಲ್ಲ ಸ್ಪರ್ಧಿಗಳನ್ನೂ ಒಬ್ಬಳೇ ಹಿಡಿದು ನಿಲ್ಲಿಸಿದ ಮಾತೆ ಹೊಳೆವ್ವನವರೇ ಈ ದಿನದ ನಿಜವಾದ ವಿಜೇತರು ಎಂದು ಸಾರಿದ. ಹೊಳೆವ್ವ ಕುಕ್ಕರನ್ನು ತಿರುಗಿಸಿ ಮುರುಗಿಸಿ ನೋಡಿ, ಅದನ್ನೂ ಉಡಿಗೆ ಹಾಕಿದಳು.

ಸಂಜೆ ಟೆಂಪೋ ಹಳಿಯಾಳದ ಓಣಿಗೆ ಬಂದು ನಿಂತಾಗ ಸುಶೀಲವ್ವನೇ ಮೊದಲು ಹೊರಗೆ ಬಂದಳು. ಕೂಸಿಗೆ ನೀವಾಳಿಸಿ, ಬೆರಳ ಲಟಿಕೆ ಮುರಿದು, ಆಮೇಲೆ ಮೂರು ಗಾಲಿಯ ಗಾಡಿಯೊಳಗೆ ಬಗ್ಗಿ ನೋಡಿದಳು.

“ಅಕ್ಕಿ ಯಾಕ ತಂದಿ? ನಾ ಕೊಟ್ಟಿದ್ದು ಜ್ವಾಳಲ್ಲಪಾ?”

ಮರುದಿನ ನಸುಕಿನಲ್ಲೇ ಮಹಾದೇವಕ್ಕ ಅಳಿಯನ ಹೊದಿಕೆ ಎಳೆದಳು. “ಅಳಿಯಂದ್ರ, ಏಳ್ರಿ. ದಿನಾ ಓಡವರು ನೀವು. ಕೂಸಿನ ಗಾಡ್ಯಾಗ ಕುಂಡ್ರಿಸೀನಿ. ನಾ ನೀರ ಕಾಸೂತನಕ ಓಡಿಸ್ಕೊಂಡ ಬರ್ರಿ.”

ಸಿದ್ದಲಿಂಗ ಸುಮಿತಾಳ ಕಡೆ ನೋಡಿದ. ಅವಳು ಹೆಮ್ಮೆಯಿಂದ ಬಾಗಿಲು ತೆಗೆದು ನಿಂತಿದ್ದಳು. ಅವನು ಓಡಿದ. ಅತ್ತೆ ಕಟ್ಟೆಯ ಮೇಲೆ ನಿಂತಿರುವಷ್ಟು ದೂರ ಓಡಿದ. ತಿರುವು ದಾಟಿದ ಮೇಲೆ ನಡೆದ. ಗಾಡಿಯ ಮುಂದಿನ ಗಾಲಿ, ಎಷ್ಟೆಂದರೂ ಅದಕ್ಕೂ ದಾರಿ ರೂಢಿಯಾಗಿತ್ತೆಂದು ಕಾಣುತ್ತದೆ, ತಾನಾಗಿಯೇ ಬಸ್ ಸ್ಟ್ಯಾಂಡಿನ ಹಿಂದಕ್ಕೆ ತಿರುಗಿತು.

ಬಾಣಲೆಯ ಎದುರಿನ ಬೆಂಚಿನ ಮೇಲೆ ಆಗಲೇ ಒಬ್ಬರು ಕೂತಿದ್ದರು. ಕಣ್ಣಲ್ಲಿ ನೀರು, ನಾಲಿಗೆ ಹೊರಗೆ. ಹೆಂಡತಿಯ ಬೆನ್ನಿಗೇ ಹಿಂದಿನ ಸಂಜೆ ಟೆಂಪೋದಲ್ಲಿ ಬಂದಿದ್ದ ಮಾವ ದ್ಯಾಮಪ್ಪ, ಹಾ ಹಾ ಎಂದು ಗಾಳಿ ಎಳೆಯುತ್ತಿದ್ದ. ಅಳಿಯನನ್ನು ಕಂಡು ಬೆಂಚಿನ ಮೇಲೆ ಸರಿದು ಜಾಗ ಮಾಡಿದ.

“ನಿಮ್ಮ ಅತ್ತ್ಯಾರು ಫೋನ್ ಮಾಡಿದ್ರ,” ಎಂದ, “ನಾನೂ ಓಡಾಕತ್ತೀನಿ ಅಂತ ಹೇಳ್ರಿ.”

ಗಾಡಿಯಲ್ಲಿ ಗಂಗಾಂಬಿಕೆ ಒಂದು ಸಲ ಅಪ್ಪನನ್ನೂ ಒಂದು ಸಲ ಅಜ್ಜನನ್ನೂ ನೋಡಿದಳು. ಅಳಲಿಲ್ಲ.